ಎತ್ತರಕ್ಕೆ ಹೊಡೆದ ಚೆಂಡು

ರತ್ನಾಗಿರಿ ಬಂದರು
11 ಫೆಬ್ರವರಿ 2025

ವಿಜೇತಾಳಿಗೆ ಅಪ್ಪಯ್ಯನ ಆಶೀರ್ವಾದ.

ಇಲ್ಲಿ ನಾನು ಕ್ಷೇಮ. ಬೋಟು ನಿನ್ನೆ ದಕ್ಕೆಗೆ ಬಂತು. ಇಂಜಿನ್ನಿನಲ್ಲಿ ಸ್ವಲ್ಪ ಕೆಲಸ ಉಂಟು, ಮುಗಿಯುವವರೆಗೆ ಹೊರಡುವುದಿಲ್ಲ. ಶಿರೂರಿನ ಐತ ತನ್ನ ಮೀನು ಲಾರಿಯಲ್ಲಿ ಸಂಜೆ ಊರಿಗೆ ಹೋಗುತ್ತಾನೆ, ಅವನ ಕೈಲಿ ಈ ಕಾಗದ ಕೊಡುತ್ತೇನೆ.

ನಿನ್ನ ಹತ್ತಿರ ಒಂದು ಮಾತು ಕೇಳಬೇಕು. ಫೋನಿನಲ್ಲಿ ಕೇಳಿದರೆ ನಿನ್ನ ಉತ್ತರ ನನ್ನ ಕಿವಿಗೆ ಬೀಳುವುದಿಲ್ಲ. ಇಂಜಿನ್ ರೂಮಿನಲ್ಲಿ ಕಿವಿ ಹೋಗಿ ಎಷ್ಟು ವರ್ಷವಾಯಿತು, ನಿನಗೆ ಗೊತ್ತು. ನಿನ್ನನ್ನು ಹೆತ್ತ ಅಬ್ಬಿಯ ಹತ್ತಿರ ಹೇಳಿಸಿದರೆ ಅವಳು ಅರ್ಧ ನುಂಗಿ ಹೇಳುತ್ತಾಳೆ. ಆದ್ದರಿಂದ ನೀನೇ ಬರೆಯಬೇಕು.

ನಮ್ಮ ಬೋಟಿನಲ್ಲಿ ಬೈಂದೂರಿನ ಯತೀಶ್ ಇದ್ದಾನಲ್ಲ, ಅವನ ಫೋನಿಗೆ ಒಂದು ವಿಡಿಯೋ ಬಂದಿದೆ. ಮೊನ್ನೆ ಆದಿತ್ಯವಾರ ಬ್ರಹ್ಮಾವರದಲ್ಲಿ ನಿಮ್ಮ ಕುಂದಾಪುರದ ಟೀಮಿಗೂ ಬ್ರಹ್ಮಾವರದವರಿಗೂ ಆದ ಮ್ಯಾಚ್. ನೀನು ಕಾಲ್ಚೆಂಡು ಆಡುತ್ತಿ ಎಂದು ಗೊತ್ತಿತ್ತು. ಅದು ಅಮೆರಿಕದವರ ಕಾಲ್ಚೆಂಡು ಎಂದು ಅಬ್ಬಿ ಹೇಳಿದ್ದಳು, ನಾನು ತಲೆಗೆ ಹಾಕಿಕೊಂಡಿರಲಿಲ್ಲ. ಚೆಂಡಿಗೆ ಎರಡು ಕಡೆ ಮೂತಿ. ಎಲ್ಲರೂ ಕೈಯಲ್ಲೇ ಹಿಡಿದು ಓಡುತ್ತಾರೆ. ನೀನೊಬ್ಬಳು ಎಲ್ಲಿಂದಲೋ ಬಂದು ಒಂದು ಸಲ ಒದ್ದು ಮತ್ತೆ ಹೋಗಿ ಕೂರುತ್ತಿ. ಕಾಲು ಬೇಡದ ಆಟಕ್ಕೆ ಆ ಹೆಸರು ಏಕೋ. ಅದಿರಲಿ.

ಆಟ ಮುಗಿಯುವ ಹೊತ್ತಿಗೆ ನೀವೇ ಮುಂದೆ ಇದ್ದಿರಿ. ಆಗ ನೀನು ಚೆಂಡು ಹಿಡಿದುಕೊಂಡು ಹಿಂದೆ ಹಿಂದೆ ಓಡಿ, ಯಾರೂ ಮುಟ್ಟದೆ ಇದ್ದರೂ ಗೆರೆಯ ಹೊರಗೆ ಕಾಲಿಟ್ಟೆ. ಎದುರಾಳಿಗೆ ಎರಡು ಅಂಕ ಬಂತು. ಆಮೇಲೆ ನೀವು ಸೋತಿರಿ. ಬೇಕೆಂದೇ ಹೊರಗೆ ಹೋದದ್ದು ನನಗೂ ಕಂಡಿತು. ಯತೀಶ್ ಎಲ್ಲರಿಗೂ ತೋರಿಸಿ, ‘ಇದ್ ಮಾರಿದ್ ಮ್ಯಾಚ್’ ಅಂದ. ಅವನ ಬಾಯಿ ನೋಡಿ ನನಗೆ ಗೊತ್ತಾಯಿತು.

ನೀನು ಅಂಥದ್ದು ಮಾಡಿದ್ದೀಯಾ? ಹೌದು, ಇಲ್ಲ, ಎರಡರಲ್ಲಿ ಒಂದು ಬರೆ.

ನಿನ್ನ ಅಪ್ಪಯ್ಯ
ನಾಗ

*

ಬೀಜಾಡಿ
14 ಫೆಬ್ರವರಿ 2025

ಅಪ್ಪಯ್ಯನಿಗೆ ನಮಸ್ಕಾರ.

ಕಾಗದ ಓದಿ ಮೊದಲು ನಗು ಬಂತು, ಆಮೇಲೆ ಬೇಸರ ಬಂತು. ಬೇಸರ ಮಡಚಿ ಇಟ್ಟು ನಗುವಿನದ್ದನ್ನೇ ಬರೆಯುತ್ತೇನೆ.

ನಮ್ಮದು ಹತ್ತು ಅಂಕ, ಅವರದ್ದು ಆರು. ಆಟ ಮುಗಿಯಲು ಕೆಲವೇ ಸೆಕೆಂಡು. ಚೆಂಡು ನಮ್ಮ ಕೈಯಲ್ಲೇ ಇತ್ತು, ಆದರೆ ನಮ್ಮದೇ ಗೆರೆಯ ಬಾಯಲ್ಲಿ. ಕೊನೆಯ ಅವಕಾಶ, ನಾನು ಒದ್ದು ದೂರ ಕಳಿಸಬೇಕು. ಅಷ್ಟು ಇಕ್ಕಟ್ಟಿನಲ್ಲಿ ಅವರು ಮೈಮೇಲೆ ಬಿದ್ದು ಚೆಂಡು ತಡೆದು ಅಲ್ಲೇ ಬಾಚಿಕೊಂಡರೆ ಒಂದೇ ಏಟಿಗೆ ಆರು ಅಂಕ. ಅದರ ಬದಲು ನಾನೇ ಗೆರೆಯ ಹಿಂದೆ ಓಡಾಡಿ ಸಮಯ ಕಳೆದು ಹೊರಗೆ ಕಾಲಿಟ್ಟರೆ ಅವರಿಗೆ ಎರಡೇ ಅಂಕ. ಆಗಲೂ ನಾವೇ ಮುಂದೆ. ಇನ್ನೂ ಒಂದು ಲಾಭ ಉಂಟು. ಅಂಕ ಕೊಟ್ಟವರೇ ಮತ್ತೆ ಚೆಂಡು ಒದೆಯುವುದು. ಎದುರಿನವರು ಹತ್ತು ಗಜ ದೂರ ನಿಲ್ಲಬೇಕು, ಯಾರೂ ಮುನ್ನುಗ್ಗುವ ಹಾಗಿಲ್ಲ. ಹಾಯಾಗಿ ಒದೆಯಬಹುದು.

ಬಂಡೆಗೆ ಬಲೆ ಸಿಕ್ಕಿದಾಗ ನೀವು ಎಂತ ಮಾಡುತ್ತೀರಿ? ಬಲೆ ಕಡಿದು ಬಿಟ್ಟು ಬೋಟು ಉಳಿಸುತ್ತೀರಿ. ದಡದಲ್ಲಿ ನಿಂತವರಿಗೆ ‘ನಾಗಣ್ಣ ಬಲೆ ಸಮುದ್ರಕ್ಕೆ ಎಸೆದ’ ಎಂದು ಕಾಣುತ್ತದೆ. ನಾನು ಮಾಡಿದ್ದೂ ಅದೇ. ದೊಡ್ಡ ದೊಡ್ಡ ಟೀಮುಗಳೂ ಮಾಡುತ್ತವೆ. ಯತೀಶನಿಗೆ ಇದನ್ನು ಓದಿ ಹೇಳಿ.

ಅದರ ನಂತರದ ಕಿಕ್ಕಿನಿಂದ ನಾವು ಸೋತದ್ದು. ಅದರ ಬಗ್ಗೆ ಬರೆಯಲು ಹೆಚ್ಚೇನಿಲ್ಲ. ಹೊಡೆಯಬೇಕಾದಲ್ಲಿಗೇ ಹೊಡೆದೆ.

ಅಬ್ಬಿ ಒಣಮೀನು ಕಟ್ಟಿಕೊಟ್ಟಿದ್ದಾಳೆ, ಐತಣ್ಣನ ಹತ್ತಿರ ಕೇಳಿ ತೆಗೆದುಕೊಳ್ಳಿ.

ವಿಜೇತಾ

*

ರತ್ನಾಗಿರಿ
20 ಫೆಬ್ರವರಿ 2025

ವಿಜೇತಾ,

ಎರಡು ಅಂಕದ ವಿಷಯ ಒಪ್ಪಿದೆ. ಬಲೆಯ ಮಾತು ಸರಿಯಾಗಿ ಹೇಳಿದೆ. ಯತೀಶನಿಗೂ ಹೇಳಿದೆ. ಅವನು ತಲೆ ಆಡಿಸಿ, ಮತ್ತೆ ವಿಡಿಯೋ ಮುಂದೆ ಓಡಿಸಿ, ‘ಇದಕ್ಕೆಂತ ಹೇಳ್ತ್ರಿ?’ ಅಂದ.

ಹಾಯಾಗಿ ಒದೆಯಬಹುದು ಎಂದು ನೀನೇ ಬರೆದಿದ್ದಿ. ಯಾರೂ ಅಡ್ಡ ಬರುವ ಹಾಗಿಲ್ಲ. ಹಾಗಿದ್ದರೆ ಚೆಂಡು ಮೈದಾನದ ಆಚೆ ತುದಿಗೆ ಹೋಗಬೇಕಿತ್ತು. ಬೀಜಾಡಿಯ ಕಡಲ ದಡದ ಹೊಯಿಗೆಯಲ್ಲಿ ನೀನು ಬರಿಗಾಲಲ್ಲಿ ಹೊಡೆದ ಚೆಂಡನ್ನು ಹೆಕ್ಕಲು ನಾನು ಎಷ್ಟು ಓಡಿದ್ದೇನೆ. ಆ ಕಾಲು ಅವತ್ತು ಚೆಂಡನ್ನು ನೆಟ್ಟಗೆ ಆಕಾಶಕ್ಕೆ ಕಳಿಸಿತು. ಇಪ್ಪತ್ತು ಗಜವೂ ಹೋಗಲಿಲ್ಲ. ಬ್ರಹ್ಮಾವರದ ಹುಡುಗಿಯೊಬ್ಬಳು ಸಾವಕಾಶ ನಡೆದು ಬಂದು, ಒಂದು ಕೈ ಎತ್ತಿ ಆಡಿಸಿ, ಮಗುವನ್ನು ಎತ್ತಿಕೊಂಡ ಹಾಗೆ ಹಿಡಿದಳು. ಕೈ ಆಡಿಸಿದ್ದು ಯಾರಿಗೆ? ನಿನಗಾ?

ಆಮೇಲಿನದ್ದು ಇನ್ನೂ ವಿಚಿತ್ರ. ಅವರು ಚೆಂಡನ್ನು ನೆಲದ ಮೇಲೆ ನಿಲ್ಲಿಸಿ ಕಂಬಗಳ ನಡುವೆ ಒದ್ದರು. ನಿಮ್ಮವರು ಒಬ್ಬರೂ ತಡೆಯಲು ಓಡಲಿಲ್ಲ. ಸಾಲಾಗಿ ನಿಂತು ನೋಡಿದಿರಿ. ಮೂರು ಅಂಕ, ಮ್ಯಾಚ್ ಅವರದ್ದು.

ಆ ಹುಡುಗಿ ಧನ್ಯಶ್ರೀ ಅಂತೆ. ಕಾಲೇಜಿನಲ್ಲಿ ನಿನ್ನ ಜೊತೆ ಒಂದೇ ಹಾಸ್ಟೆಲಿನಲ್ಲಿ ಇದ್ದವಳಂತೆ. ನೀನು ಇದನ್ನು ಬರೆಯಲೇ ಇಲ್ಲ.

‘ಹೊಡೆಯಬೇಕಾದಲ್ಲಿಗೇ ಹೊಡೆದೆ’ ಎಂದು ಬರೆದಿದ್ದಿ. ಈ ಮಾತು ನನ್ನ ಎದೆಯಲ್ಲಿ ಮುಳ್ಳಿನ ಹಾಗೆ ಕೂತಿದೆ. ಎಲ್ಲಿಗೆ ಹೊಡೆಯಬೇಕು ಎಂದು ಯಾರು ಹೇಳಿದ್ದು? ನಿಮ್ಮ ಕೋಚ್ ರತನ್ ಎಂಬವ ಯಾರು? ಅವನಿಗೆ ಮದುವೆ ಆಗಿದೆಯಾ? ಪ್ರಾಕ್ಟೀಸಿಗೆ ನೀನೊಬ್ಬಳೇ ಮೊದಲು ಹೋಗಿ ಕಡೆಗೆ ಬರುತ್ತಿ ಎಂದು ಅಬ್ಬಿ ಹೇಳಿದ್ದಳು.

ಅಪ್ಪಯ್ಯ

*

ಬೀಜಾಡಿ
2 ಮಾರ್ಚ್ 2025

ಅಪ್ಪಯ್ಯನಿಗೆ,

ನಿಮ್ಮ ಪ್ರಶ್ನೆಗಳಿಗೆ ಒಂದೊಂದಾಗಿ ಉತ್ತರ ಬರೆಯುತ್ತೇನೆ, ಪೊಲೀಸರ ಮುಂದೆ ಬರೆದುಕೊಡುವ ಹಾಗೆ.

ಧನ್ಯ ಕೈ ಆಡಿಸಿದ್ದು ನನಗಲ್ಲ, ಅಂಪೈರಿಗೆ. ಎದುರಿನವರು ಒದ್ದ ಚೆಂಡು ಇನ್ನೂ ಗಾಳಿಯಲ್ಲಿ ಇರುವಾಗ ಹಿಡಿಯುವವಳು ಹಾಗೆ ಕೈ ಆಡಿಸಿದರೆ, ‘ಹಿಡಿದ ಮೇಲೆ ನಾನು ಓಡುವುದಿಲ್ಲ, ನನ್ನನ್ನು ಯಾರೂ ಮುಟ್ಟಬಾರದು’ ಎಂದರ್ಥ. ಅದಕ್ಕೆ ಫೇರ್ ಕ್ಯಾಚ್ ಎನ್ನುತ್ತಾರೆ. ಹಾಗೆ ಹಿಡಿದ ಟೀಮು, ಆಟದ ಸಮಯ ಮುಗಿದಿದ್ದರೂ, ಹಿಡಿದ ಜಾಗದಿಂದಲೇ ಕಂಬಗಳ ನಡುವೆ ಒಂದು ಕಿಕ್ ಕೇಳಬಹುದು. ಎದುರಾಳಿ ಹತ್ತು ಗಜ ಹಿಂದೆ ನಿಲ್ಲಬೇಕು, ಒದೆಯುವ ಮೊದಲು ಮುಂದೆ ಬರುವ ಹಾಗಿಲ್ಲ. ನಮ್ಮವರು ಸುಮ್ಮನೆ ನಿಂತದ್ದು ಅದಕ್ಕೆ. ಹಳೆಯ ನಿಯಮ, ಬಹಳ ಅಪರೂಪಕ್ಕೆ ಬಳಸುವುದು. ಆಡುವವರಲ್ಲೇ ಎಷ್ಟೋ ಜನರಿಗೆ ಗೊತ್ತಿಲ್ಲ. ಅವತ್ತು ಧನ್ಯಳಿಗೆ ಗೊತ್ತಿತ್ತು, ನಮಗೆ ಗೊತ್ತಿರಲಿಲ್ಲ.

ಧನ್ಯ ನನ್ನ ಗೆಳತಿ. ಬ್ರಹ್ಮಾವರದಲ್ಲಿ ಹುಟ್ಟಿದ್ದು ಅವಳ ತಪ್ಪಲ್ಲ.

ರತನ್ ಸರ್ ಶಾಲೆಯೊಂದರ ಡ್ರಿಲ್ ಮಾಸ್ಟ್ರು. ಹೆಂಡತಿ ಇದ್ದಾರೆ, ಇಬ್ಬರು ಮಕ್ಕಳಿದ್ದಾರೆ. ನಾನು ಮೊದಲು ಹೋಗಿ ಕಡೆಗೆ ಬರುವುದು ಕಂಬ ನೆಡಲು ಮತ್ತು ಕಂಬ ಕೀಳಲು. ಇದನ್ನು ಬರೆಯುವಾಗ ನನಗೆ ನಾಚಿಕೆಯಾಯಿತು, ನನ್ನ ಬಗ್ಗೆ ಅಲ್ಲ.

ಕಡೆಯ ಕಿಕ್ಕಿನ ಬಗ್ಗೆ ಒಂದು ಸಲ ಬರೆದಾಗಿದೆ. ಮತ್ತೆ ಬರೆಯುವುದಿಲ್ಲ.

ಈಗ ನನ್ನದೂ ಒಂದು ಪ್ರಶ್ನೆ. ಐತಣ್ಣ ಮೊನ್ನೆ ಜಗಲಿಯಲ್ಲಿ ಚಾ ಕುಡಿಯುತ್ತಾ ಬಾಯಿ ತಪ್ಪಿ ಹೇಳಿದರು. ಯತೀಶ್ ದಕ್ಕೆಯಲ್ಲಿ ಎಲ್ಲರಿಗೂ ವಿಡಿಯೋ ತೋರಿಸಿ, ‘ನಾಗಣ್ಣ, ಇದ್ ನಿಮ್ ಮಗ್ಳಲ್ದಾ?’ ಎಂದು ಕೇಳಿದಾಗ ನೀವು, ‘ಅಲ್ಲ, ಇದ್ ಬೇರೆ ಹೆಣ್ಣ್. ಬೀಜಾಡಿಲಿ ಇಬ್ರ್ ವಿಜೇತಾ ಇದ್ರ್’ ಅಂದಿರಂತೆ. ಅಬ್ಬಿ ಒಳಗೆ ಹೋದಳು. ನಾನು ಐತಣ್ಣನಿಗೆ ಇನ್ನೊಂದು ಲೋಟ ಚಾ ಕೊಟ್ಟೆ.

ಎಂತಕೆ ಹಾಗೆ ಹೇಳಿದಿರಿ ಎಂದು ಕೇಳುವುದಿಲ್ಲ. ಆ ಇನ್ನೊಬ್ಬ ವಿಜೇತಾ ಸಿಕ್ಕಿದರೆ ನಿಮ್ಮ ಮುಂದಿನ ಕಾಗದ ಅವಳಿಗೇ ಬರೆಯಿರಿ.

ವಿ.

*

ರತ್ನಾಗಿರಿ
9 ಮಾರ್ಚ್ 2025

ಮಗಾ ವಿಜೇತಾ,

ಐತ ಹೇಳಿದ್ದು ನಿಜ. ಅಷ್ಟೂ ಜನ ತಿರುಗಿ ನನ್ನ ಮುಖ ನೋಡಿದರು. ಬೋಟು ನಡೆಸುವ ತಾಂಡೇಲ ಇದ್ದ, ಐಸ್ ಹಾಕುವವರು ಇದ್ದರು. ಬಾಯಿಗೆ ಬಂದದ್ದು ಹೇಳಿಬಿಟ್ಟೆ. ಮೂವತ್ತು ವರ್ಷ ಈ ದಕ್ಕೆಯಲ್ಲಿ ಯಾರೂ ನನ್ನತ್ತ ಬೆರಳು ತೋರಿಸಿದ್ದಿಲ್ಲ.

ಹೇಳಬಾರದಿತ್ತು.

ಆದರೆ ನೀನು ಸಹ ನನ್ನಿಂದ ಏನೋ ಅಡಗಿಸುತ್ತಿದ್ದಿ. ಅದು ಸಣ್ಣದಾಗಿದ್ದರೆ ಇಷ್ಟು ಸಿಟ್ಟಲ್ಲಿ ಬರೆಯುತ್ತಿರಲಿಲ್ಲ. ಅದೆಂತ ಎಂದು ಬರೆದರೆ ನನಗೆ ನಿದ್ದೆ ಬರುತ್ತದೆ.

ಅಪ್ಪಯ್ಯ

*

ರತ್ನಾಗಿರಿ
30 ಮಾರ್ಚ್ 2025

ವಿಜೇತಾ,

ಐತ ಮೂರು ಸಲ ಬಂದು ಹೋದ, ನಿನ್ನ ಕಾಗದ ತರಲಿಲ್ಲ. ಕೇಳಿದರೆ ಕೈ ಅಲ್ಲಾಡಿಸಿ ಲಾರಿ ಹತ್ತುತ್ತಾನೆ. ಅಬ್ಬಿಗೆ ಕೇಳಿ ಬಾ ಎಂದರೆ, ‘ಅಪ್ಪ ಮಗಳ ಮಧ್ಯೆ ನನ್ನನ್ನು ಎಳೆಯಬೇಡಿ’ ಎಂದು ಹೇಳಿ ಕಳಿಸಿದ್ದಾಳೆ. ಸರಿ, ನೀನು ಬರೆಯಬೇಡ. ನಾನು ಬರೆದದ್ದನ್ನು ಓದು.

ಮೊನ್ನೆ ಗಾಳಿ ಎದ್ದು ಬೋಟು ಹೊರಡಲಿಲ್ಲ. ಯತೀಶನ ಹತ್ತಿರ ಆ ವಿಡಿಯೋ ಮತ್ತೆ ಕೇಳಿದೆ. ಅವನಿಗೆ ಆಶ್ಚರ್ಯ. ‘ಎಂತಕೆ? ಅದ್ ನಿಮ್ ಮಗ್ಳ್ ಅಲ್ಲ ಅಂದ್ರಿಯಲೆ’ ಅಂದ. ನಾನು ಫೋನ್ ತೆಗೆದುಕೊಂಡು ಮೂಲೆಗೆ ಹೋದೆ.

ಇಷ್ಟು ದಿನ ನಿನ್ನ ಕಾಲನ್ನೇ ನೋಡಿದ್ದೆ. ಅವತ್ತು ಬೇರೆಯವರನ್ನು ನೋಡಿದೆ. ನೀನು ಕಡೆಯ ಕಿಕ್ ಹೊಡೆಯುವ ಮೊದಲು ಕ್ಯಾಮೆರಾ ಒಂದು ಗಳಿಗೆ ಗೆರೆಯ ಹತ್ತಿರ ನಿಂತ ನೀಲಿ ಟೋಪಿಯವನ ಕಡೆ ತಿರುಗುತ್ತದೆ. ಅವನೇ ರತನ್ ಎಂದು ಯತೀಶ್ ಹೇಳಿದ. ಅವನು ಕೂಗುತ್ತಿದ್ದಾನೆ. ಮೈಕಿನವನ ಗಲಾಟೆಯಲ್ಲಿ ಒಂದು ಅಕ್ಷರವೂ ಕೇಳುವುದಿಲ್ಲವಂತೆ. ನನಗೆ ಮೈಕೂ ಇಲ್ಲ, ಗಲಾಟೆಯೂ ಇಲ್ಲ. ಇಂಜಿನ್ ರೂಮಿನಲ್ಲಿ ಇಷ್ಟು ವರ್ಷ ಬಾಯಿ ನೋಡಿಯೇ ಕೆಲಸ ಮಾಡಿದವ ನಾನು.

ಕೈ ಆಕಾಶಕ್ಕೆ ತೋರಿಸಿ ‘ಮ್ಯಾಲೆ’ ಎಂದ. ಮತ್ತೆ ‘ಮ್ಯಾಲೆ’ ಎಂದ. ಆಮೇಲೆ ‘ದೂರ’ ಎನ್ನುವಾಗ ತುಟಿ ಮುಂದೆ ಬಂತು. ಇಲ್ಲೇ ನಾನು ನಿಲ್ಲಿಸಿ ನಿಲ್ಲಿಸಿ ನೋಡಿದ್ದು. ‘ದೂರ ಹೊಡಿ’ ಅಂದಿದ್ದರೆ ಅದರ ನಂತರ ತುಟಿ ಮುಚ್ಚುವುದೇ ಇಲ್ಲ. ನೀನೇ ಹೇಳಿ ನೋಡು. ಅವನ ತುಟಿ ಮುಚ್ಚಿ ತೆರೆಯಿತು. ‘ದೂರ ಬ್ಯಾಡ.’

ಅದೇ ಮನುಷ್ಯ ಟೀಮು ನಡೆಸುವ ಕಮಿಟಿಯ ಮುಂದೆ, ‘ನಾನು ದೂರ ಹೊಡಿ ಎಂದು ಹೇಳಿದ್ದೆ, ಹುಡುಗಿ ಕೇಳಲಿಲ್ಲ’ ಎಂದಿದ್ದಾನಂತೆ. ಯತೀಶ್ ಊರಿನ ಸುದ್ದಿ ಎಲ್ಲ ಹೇಳಿದ.

‘ಹೊಡೆಯಬೇಕಾದಲ್ಲಿಗೇ ಹೊಡೆದೆ’ ಎಂದು ನೀನು ಬರೆದದ್ದು ಈಗ ನನಗೆ ಅರ್ಥವಾಯಿತು. ನಾನು ಅದನ್ನು ತಪ್ಪೊಪ್ಪಿಗೆ ಎಂದು ಓದಿದ್ದೆ.

ಮ್ಯಾಚ್ ಮಾರಿದ್ದು ಅವನು. ನಾನು ಬರುತ್ತೇನೆ. ಬಂದು ಅವನ ಶಾಲೆಯ ಎದುರೇ ಕೇಳುತ್ತೇನೆ.

ಅಪ್ಪಯ್ಯ

*

ಬೀಜಾಡಿ
5 ಏಪ್ರಿಲ್ 2025

ಅಪ್ಪಯ್ಯ,

ಬರಬೇಡಿ. ಮೊದಲು ಇದನ್ನು ಓದಿ.

ನೀವು ನೋಡಿದ್ದು ಸರಿ, ತಿಳಿದುಕೊಂಡದ್ದು ತಪ್ಪು. ರತನ್ ಸರ್ ಹಾಗೆ ಹೇಳಿದ್ದು ನಿಜ. ಮಾರಿದ್ದು ನಿಜವಲ್ಲ. ಚೆಂಡು ಗಾಳಿಯಲ್ಲಿ ಇದ್ದಷ್ಟು ಹೊತ್ತು ಗಡಿಯಾರ ಓಡುತ್ತದೆ ಎಂದು ಅವರು ತಿಳಿದಿದ್ದರು. ಉಳಿದದ್ದು ಮೂರ್ನಾಲ್ಕು ಸೆಕೆಂಡು. ಎತ್ತರಕ್ಕೆ ಹೊಡೆದರೆ ಚೆಂಡು ಕೆಳಗೆ ಬರುವಷ್ಟರಲ್ಲಿ ಆಟವೇ ಮುಗಿಯುತ್ತದೆ ಎಂಬ ಲೆಕ್ಕ. ಆದರೆ ಅಂಥ ಕಿಕ್ಕಿನಲ್ಲಿ ಚೆಂಡನ್ನು ಯಾರಾದರೂ ಮುಟ್ಟುವವರೆಗೆ ಗಡಿಯಾರ ಶುರುವಾಗುವುದೇ ಇಲ್ಲ. ಅದೂ ಅವರಿಗೆ ಗೊತ್ತಿರಲಿಲ್ಲ, ಧನ್ಯಳ ಕಿಕ್ಕಿನ ನಿಯಮವೂ ಗೊತ್ತಿರಲಿಲ್ಲ. ನಮಗೆ ಕಲಿಸಿದವರು ಅವರೇ ಆದ್ದರಿಂದ ನಮಗೂ ಗೊತ್ತಿರಲಿಲ್ಲ.

ಮ್ಯಾಚ್ ಮುಗಿದ ಮೇಲೆ ಕಮಿಟಿಯವರು ಸುತ್ತ ನಿಂತರು. ಅವರಲ್ಲಿ ಒಬ್ಬರು ಮೊದಲಿನಿಂದಲೂ ಹೆಣ್ಣುಮಕ್ಕಳ ಟೀಮು ಬೇಡ ಎನ್ನುವವರು. ‘ಕೋಚಿಗೇ ಆಟ ಗೊತ್ತಿಲ್ಲದಿದ್ರೆ ಈ ಟೀಮ್ ಎಂತಕೆ?’ ಅಂದರು. ಆಗ ರತನ್ ಸರ್, ‘ನಾನ್ ದೂರ ಹೊಡಿ ಅಂದಿದ್ದೆ’ ಅಂದರು. ನನ್ನ ಮುಖ ನೋಡಲಿಲ್ಲ. ನಾನು ಅಲ್ಲೇ ಪಕ್ಕದಲ್ಲಿ ಬೂಟಿನ ದಾರ ಬಿಚ್ಚುತ್ತಿದ್ದೆ.

ವ್ಯಾನಿನಲ್ಲಿ ನನ್ನ ಹತ್ತಿರ ಬಂದು, ‘ಸ್ವಲ್ಪ ದಿನ ಸುಮ್ನಿರ್ ವಿಜೇತಾ, ತಣ್ಣಗಾತ್ತ್. ಇಲ್ದಿರೆ ಟೀಮೇ ಇರುದಿಲ್ಲ’ ಅಂದರು. ನಾನು ಸುಮ್ಮನಾದೆ. ಒಬ್ಬಳ ಹೆಸರು ಹೋದರೆ ಹೋಗಲಿ, ಉಳಿದವರು ಆಡಲಿ ಎಂದು. ಆಮೇಲೆ ಒಬ್ಬಳ ಹೆಸರು ಹೋಗುವುದು ಎಂದರೆ ಎಂತ ಎಂದು ದಿನ ದಿನ ಗೊತ್ತಾಯಿತು. ಕೋಟೇಶ್ವರದ ಅಂಗಡಿಯವರೂ ಚಿಲ್ಲರೆ ಕೊಡುವಾಗ ಒಂಥರಾ ನಗುತ್ತಾರೆ.

ನಿಮಗೆ ಬರೆಯಬಹುದಿತ್ತು. ಆದರೆ ನೀವು ಕೇಳಿದ್ದು ‘ಎಂತ ಆಯಿತು’ ಎಂದಲ್ಲ, ‘ನೀನು ಮಾರಿದ್ದೀಯಾ’ ಎಂದು. ನನ್ನ ಮಾತು ಸಾಲಲಿಲ್ಲ. ರತನ್ ಸರ್ ತುಟಿ ನೋಡಿದ ಮೇಲೆ ನಂಬಿದಿರಿ.

ಅವರ ಶಾಲೆಗೆ ಹೋಗಬೇಡಿ. ಅಷ್ಟು ಮಾಡಿ ಸಾಕು.

ವಿಜೇತಾ

*

ರತ್ನಾಗಿರಿ
12 ಏಪ್ರಿಲ್ 2025

ವಿಜೇತಾ,

ಹೋಗುವುದಿಲ್ಲ. ಯತೀಶನಿಗೂ ಹೇಳಿಲ್ಲ.

ಆದರೆ ನನಗೆ ಅವನ ಮೇಲೆ ನಂಬಿಕೆ ಬರುವುದಿಲ್ಲ. ಒಂದು ಸಲ ತನ್ನ ತಲೆ ಉಳಿಸಲು ನಿನ್ನನ್ನು ಮುಂದೆ ತಳ್ಳಿದವ ಇನ್ನೊಂದು ಸಲ ತಳ್ಳುವುದಿಲ್ಲ ಎಂದು ಹೇಗೆ ಹೇಳುತ್ತಿ? ಸುಮ್ಮನಿದ್ದರೆ ತಣ್ಣಗಾಗುತ್ತದೆ ಎನ್ನುವುದು ಅವನಿಗೆ, ನಿನಗಲ್ಲ.

ತುಟಿ ನೋಡಿದ ಮೇಲೆ ನಂಬಿದಿರಿ ಎಂದು ನೀನು ಬರೆದದ್ದನ್ನು ಮತ್ತೆ ಮತ್ತೆ ಓದಿದೆ.

ಅಪ್ಪಯ್ಯ

*

ಬೀಜಾಡಿ
27 ಏಪ್ರಿಲ್ 2025

ಅಪ್ಪಯ್ಯನಿಗೆ,

ಇಲ್ಲಿ ಕೆಲವು ಸಂಗತಿ ನಡೆಯಿತು. ಬೇರೆಯವರ ಬಾಯಿಂದ ತಿಳಿಯುವುದಕ್ಕಿಂತ ನಾನೇ ಬರೆಯುವುದು ಒಳ್ಳೆಯದು.

ಹೋದ ವಾರ ಧನ್ಯ ಬಂದಿದ್ದಳು. ಮ್ಯಾಚ್ ಆದ ಮೇಲೆ ನಾವಿಬ್ಬರು ಮಾತಾಡಿರಲಿಲ್ಲ, ಜನ ನೋಡಿದರೆ ಇನ್ನೊಂದು ಕಥೆ ಕಟ್ಟುತ್ತಾರೆ ಎಂದು. ಅಬ್ಬಿ ಅವಳಿಗೆ ಕುಡಿಯಲು ಕೊಟ್ಟು ಒಳಗೆ ಹೋದಳು. ನಾವು ಸಮುದ್ರದ ಹತ್ತಿರ ಹೋಗಿ ಕೂತೆವು. ಶಂಕರನಾರಾಯಣದ ಕಡೆ ಒಂದು ಶಾಲೆಯಲ್ಲಿ ಆಟದ ಟೀಚರ್ ಕೆಲಸಕ್ಕೆ ಅವಳನ್ನು ಕರೆದಿದ್ದರು. ಈಗ ‘ಆ ಮ್ಯಾಚಿನ ಗಲಾಟೆ ಮುಗಿಲಿ, ಕಾಂಬ’ ಎನ್ನುತ್ತಾರಂತೆ. ಮ್ಯಾಚ್ ಕೊಂಡವಳು ಅವಳೆಂದು ಅಲ್ಲಿವರೆಗೂ ಸುದ್ದಿ ಹೋಗಿದೆ.

ಆಮೇಲೆ ಕೇಳಿದಳು, ‘ನೀ ನಂಗೆ ಬೇಕಂದೇ ಕ್ಯಾಚ್ ಕೊಟ್ಯಾ? ಹೇಳ್.’

‘ನೀನೂ ಹಾಂಗೇ ಕೇಳ್ತಿಯಾ?’ ಅಂದೆ.

‘ಅಷ್ಟ್ ಸುಲಭದ ಕ್ಯಾಚ್ ನಂಗೆ ಯಾವತ್ತೂ ಸಿಕ್ಕಿರ್ಲಿಲ್ಲೆ. ಗೆದ್ದ್ ಮನೆಗೆ ಹೋದವ್ಳಿಗೆ ಊಟ ಸೇರ್ಲಿಲ್ಲೆ. ನೀ ಕೊಟ್ಟದ್ದಾರೆ ಆ ಗೆಲುವು ನಂಗೆ ಬ್ಯಾಡ.’

ಅಪ್ಪಯ್ಯ, ಗೆದ್ದವಳಿಗೂ ತನ್ನ ಗೆಲುವಿನ ಮೇಲೆ ಅನುಮಾನ. ನಾನು ಸುಮ್ಮನಿದ್ದು ಟೀಮು ಉಳಿಸಿದೆ ಎಂದುಕೊಂಡಿದ್ದೆ. ಅವಳ ಕೈಯಲ್ಲಿದ್ದದ್ದನ್ನು ಕಸಿದುಕೊಂಡದ್ದು ನನಗೆ ಕಂಡೇ ಇರಲಿಲ್ಲ. ಅಲ್ಲೇ ಅವಳಿಗೆ ಎಲ್ಲ ಹೇಳಿದೆ. ಅವಳು ಬೈಯಲಿಲ್ಲ. ‘ನಾಳೆ ಎಲ್ರಿಗೂ ಹೇಳ್’ ಎಂದು ಬಸ್ಸು ಹತ್ತಿದಳು.

ಮರುದಿನ ಪ್ರಾಕ್ಟೀಸಿನಲ್ಲಿ ಹೇಳಿದೆ. ಎಲ್ಲರೂ ಹೊಯಿಗೆಯಲ್ಲಿ ಕೂತಿದ್ದರು, ರತನ್ ಸರ್ ಚೆಂಡಿಗೆ ಗಾಳಿ ಹಾಕುತ್ತಿದ್ದರು. ‘ಸರ್, ಎತ್ತರಕ್ಕೆ ಹೊಡಿ, ದೂರ ಬೇಡ ಎಂದು ನೀವು ಹೇಳಿದ್ದನ್ನು ಇವರಿಗೆ ಹೇಳುತ್ತೇನೆ’ ಎಂದೆ. ಅವರು ಪಂಪು ಒತ್ತುವುದನ್ನು ನಿಲ್ಲಿಸಿದರು.

ನಮ್ಮ ಕ್ಯಾಪ್ಟನ್ ಪ್ರೇಕ್ಷಾ ಕೇಳಿದಳು, ‘ಹೌದಾ ಸರ್?’

ಅವರು ಟೋಪಿ ತೆಗೆದರು. ‘ಹೌದ್. ಗಡಿಯಾರ ಓಡ್ತಿತ್ತ್ ಅಂದೇಳಿ ಮಾಡಿದೆ. ನಂಗೆ ನಿಯಮ ಗೊತ್ತಿರ್ಲಿಲ್ಲೆ. ಅವತ್ತ್ ಹೇಳುಕೆ ಧೈರ್ಯ ಬರ್ಲಿಲ್ಲೆ, ಮರುದಿನ ಇನ್ನೂ ಕಷ್ಟ ಆಯ್ತ್.’

ನನಗೆ ಅವರ ಮೇಲೆ ಸಿಟ್ಟು ಬರಬೇಕಿತ್ತು. ಅವರ ಕುತ್ತಿಗೆ ಕೆಂಪಾದದ್ದು ನೋಡಿ ಬೇರೆ ಕಡೆ ತಿರುಗಿದೆ.

ಅವರು ಅದೇ ಸಂಜೆ ಕಮಿಟಿಗೂ ಹೋಗಿ ಹೇಳಿದ್ದಾರೆ. ಟೀಮು ನಿಂತುಹೋಗಲಿಲ್ಲ. ಅವರನ್ನು ಈ ವರ್ಷಕ್ಕೆ ತೆಗೆದಿದ್ದಾರೆ. ಈಗ ಪ್ರೇಕ್ಷಾ ನಿಯಮದ ಪುಸ್ತಕ ಓದಿ ಹೇಳುತ್ತಾಳೆ, ನಾವು ಜಗಳ ಮಾಡಿ ಮಾಡಿ ಅರ್ಥ ಮಾಡಿಕೊಳ್ಳುತ್ತೇವೆ. ಧನ್ಯಳಿಗೆ ಕೆಲಸ ಸಿಗುವ ಹಾಗಿದೆ.

ಊರಿನ ಜನ ನಂಬಿದರಾ ಎಂದು ಕೇಳಬೇಡಿ. ‘ಹುಡುಗಿಯನ್ನು ಉಳಿಸಲು ಮಾಸ್ಟ್ರು ತಲೆ ಕೊಟ್ಟರು’ ಎನ್ನುತ್ತಾರೆ.

ಮೇ 18ಕ್ಕೆ ಬ್ರಹ್ಮಾವರದಲ್ಲಿ ಬೈಂದೂರಿನವರ ಎದುರು ಮ್ಯಾಚ್ ಇದೆ. ನೀವು ಬರುವುದು ಬೇಡ. ಜನ ನನ್ನ ಬಗ್ಗೆ ಮಾತಾಡುತ್ತಾರೆ, ನೀವು ಮತ್ತೆ ಮುಖ ತಗ್ಗಿಸಬೇಕಾಗುತ್ತದೆ.

ವಿಜೇತಾ

*

ರತ್ನಾಗಿರಿ
21 ಮೇ 2025

ಮಗಾ ವಿಜೇತಾ,

ನಾನು ಬಂದಿದ್ದೆ. ನಿನಗೆ ಗೊತ್ತಾಗಿರಬಹುದು, ಆದರೂ ಬರೆಯುತ್ತೇನೆ.

ಐತನ ಲಾರಿಯಲ್ಲಿ ಶನಿವಾರ ಹೊರಟೆ. ಮಳೆಗಾಲಕ್ಕೆ ಬೋಟು ಮೇಲೆಳೆಯುವ ಸಮಯ, ತಾಂಡೇಲ ಒಂದೇ ದಿನ ಬಿಟ್ಟದ್ದು. ಬ್ರಹ್ಮಾವರದಲ್ಲಿ ಇಳಿದು ಮೈದಾನದ ಮೆಟ್ಟಿಲಲ್ಲಿ ಹಿಂದೆ ಹೋಗಿ ಕೂತೆ, ನಿನಗೆ ಕಾಣಬಾರದು ಎಂದು. ಬೇಡ ಎಂದಿದ್ದಿಯಲ್ಲ.

ಆಟ ಅರ್ಧಕ್ಕರ್ಧ ಅರ್ಥವಾಗಲಿಲ್ಲ. ನೀನು ಗೆರೆಯ ಹತ್ತಿರ ನಿಂತು ಕಾಲು ಆಡಿಸುವುದನ್ನೇ ನೋಡುತ್ತಾ ಕೂತೆ. ರತನ್ ಜನರ ಮಧ್ಯೆ ಟೋಪಿ ಇಲ್ಲದೆ ಕೂತಿದ್ದ. ಒಂದು ಸಲ ಅವನ ಹತ್ತಿರ ಹೋಗಿಬಿಡುವ ಎನಿಸಿತು. ನಿನಗೆ ಕೊಟ್ಟ ಮಾತು ಇತ್ತು, ಹೋಗಲಿಲ್ಲ.

ಕಡೆಗೆ ಬೈಂದೂರಿನವರು ಎರಡು ಅಂಕ ಮುಂದೆ ಇದ್ದರು. ಅವರು ಒದ್ದ ಚೆಂಡು ಮೇಲೆ ಹೋಯಿತು. ನಿಮ್ಮ ಪ್ರೇಕ್ಷಾ ಕೈ ಎತ್ತಿ ಆಡಿಸಿ ಹಿಡಿದಳು. ಸಮಯ ಮುಗಿಯಿತು ಎಂದು ಜನ ಏಳತೊಡಗಿದರು. ನೀನು ಓಡಿ ಅಂಪೈರನ ಹತ್ತಿರ ಹೋದೆ. ಎಂತ ಕೇಳುತ್ತಿದ್ದಿ ಎಂದು ಆ ಮೆಟ್ಟಿಲಲ್ಲಿ ಎಷ್ಟು ಜನರಿಗೆ ಗೊತ್ತಿತ್ತೋ, ನನಗೆ ಗೊತ್ತಿತ್ತು. ನೀನು ಬರೆದಿದ್ದೆಯಲ್ಲ. ನೀನು ಚೆಂಡು ನಿಲ್ಲಿಸಿದೆ. ಬೈಂದೂರಿನವರು ಹತ್ತು ಗಜ ಆಚೆ ನಿಂತರು. ಎದುರಿಗೆ ಯಾರೂ ಇಲ್ಲ, ನೀನೊಬ್ಬಳೇ.

ಚೆಂಡು ನೆಟ್ಟಗೆ ಹೋಗಿ ಕಂಬಗಳ ನಡುವಿನ ಅಡ್ಡ ಪೈಪಿಗೆ ತಾಗಿ ಈಚೆ ಬಿತ್ತು.

ನೀನು ಅಲ್ಲೇ ಕೂತೆ. ಆಗ ನನ್ನ ಪಕ್ಕದಲ್ಲಿದ್ದ ಮನುಷ್ಯ ನನ್ನ ಭುಜ ಮುಟ್ಟಿದ. ಯಾರೋ ಗೊತ್ತಿಲ್ಲ, ಬಿಳಿ ಅಂಗಿ, ಬಾಯಲ್ಲಿ ಎಲೆಅಡಿಕೆ. ನಗುತ್ತಾ ಹೇಳಿದ, ‘ಈ ಸಲವೂ ಮಾರಿದ್ಲ್ ಕಾಣಿ.’ ಅವನ ಬಾಯಿ ನನಗೆ ಸ್ಪಷ್ಟ ಕಂಡಿತು.

ಮಗಾ, ನಾನು ಹೊರಗೆ ಮಾತಾಡುವುದು ಕಡಿಮೆ. ನನ್ನ ದನಿ ಎಷ್ಟು ದೊಡ್ಡದು, ಎಷ್ಟು ಸಣ್ಣದು, ನನಗೆ ತಿಳಿಯುವುದಿಲ್ಲ. ಜನ ನಗುತ್ತಾರೆ ಎಂದು ಹೆದರಿಕೆ. ಅವತ್ತು ಅದು ನೆನಪಿಗೆ ಬರಲಿಲ್ಲ. ಎದ್ದು ನಿಂತು, ‘ಅದ್ ನನ್ ಮಗ್ಳ್. ಅವ್ಳಿಗೆ ತಪ್ತ್, ಅಷ್ಟೇ’ ಎಂದೆ. ಅವನಿಗೆ ಮಾತ್ರ ಹೇಳಿದೆ ಎಂದುಕೊಂಡೆ. ನೋಡಿದರೆ ಮುಂದಿನ ಮೆಟ್ಟಿಲಿನವರೂ ತಿರುಗಿದ್ದರು, ಅದರ ಮುಂದಿನವರೂ ತಿರುಗಿದ್ದರು. ಬಿಳಿ ಅಂಗಿಯವನು ಬಾಯಿ ಮುಚ್ಚಿದ.

ಐತ ಹೆದ್ದಾರಿಯಲ್ಲಿ ಲಾರಿ ನಿಲ್ಲಿಸಿ ಕಾಯುತ್ತಿದ್ದ. ಕೆಳಗೆ ಬಂದು ನಿನ್ನನ್ನು ನೋಡಲು ಸಮಯ ಇರಲಿಲ್ಲ. ಸಮಯ ಇದ್ದರೂ ಧೈರ್ಯ ಇತ್ತೋ ಇಲ್ಲವೋ.

ದಕ್ಕೆಗೆ ಬಂದ ಮೇಲೆ ಯತೀಶನನ್ನು ಕರೆದು ಹೇಳಿದೆ, ಬೀಜಾಡಿಯಲ್ಲಿ ಒಬ್ಬಳೇ ವಿಜೇತಾ ಎಂದು. ತಾಂಡೇಲನೂ ಇದ್ದ.

ನಾನು ಅವತ್ತು ಎಷ್ಟು ಜೋರಾಗಿ ಹೇಳಿದೆ ಎಂದು ಐತನ ಹತ್ತಿರ ಕೇಳುವ ಹಾಗಿಲ್ಲ, ಅವನು ರಸ್ತೆಯಲ್ಲಿದ್ದ. ನಿನಗೇನಾದರೂ ಮುಜುಗರ ಆಗಿದ್ದರೆ ಬರೆ.

ಅಪ್ಪಯ್ಯ

*

ಬೀಜಾಡಿ
25 ಮೇ 2025

ಅಪ್ಪಯ್ಯ,

ಪೈಪಿಗೆ ತಾಗಿದ ಸದ್ದು ಇನ್ನೂ ಕಿವಿಯಲ್ಲಿದೆ. ಅರ್ಧ ಗೇಣು ಮೇಲೆ ಹೋಗಿದ್ದರೆ ಸಾಕಿತ್ತು. ಮತ್ತೆ ಮತ್ತೆ ಯೋಚಿಸಿದೆ. ಗಾಳಿಯೂ ಅಲ್ಲ, ಬೂಟೂ ಅಲ್ಲ. ನನಗೆ ತಪ್ಪಿತು, ಅಷ್ಟೇ.

ನಾನು ನೆಲ ನೋಡುತ್ತಾ ಕೂತಿದ್ದೆ. ಎದ್ದು ಜನರ ಮುಖ ನೋಡುವುದು ಹೇಗೆ ಎಂದು ಗೊತ್ತಾಗುತ್ತಿರಲಿಲ್ಲ. ಆಗ ಮೆಟ್ಟಿಲ ಕಡೆಯಿಂದ ಒಂದು ದನಿ ಬಂತು. ಮೈಕಿನವನೂ ಮಾತು ನಿಲ್ಲಿಸಿದ. ಬೈಂದೂರಿನ ಹುಡುಗಿಯರೂ ಕುಣಿಯುವುದನ್ನು ಬಿಟ್ಟು ಆ ಕಡೆ ತಿರುಗಿದರು. ಮೈದಾನದ ನಡುವಿನವರೆಗೆ ಕೇಳಿಸಿತು ಅಪ್ಪಯ್ಯ, ಒಂದೊಂದು ಅಕ್ಷರವೂ.

ಪ್ರೇಕ್ಷಾ ನನ್ನ ಕೈ ಹಿಡಿದು ಎಬ್ಬಿಸುತ್ತಾ, ‘ಅದ್ ಯಾರೆ?’ ಎಂದು ಕೇಳಿದಳು.

‘ನನ್ ಅಪ್ಪಯ್ಯ’ ಅಂದೆ.

ವಿಜೇತಾ